ಮೂಟೆಯೊಳಗೆ ಹೋಗುವ ಗೊಬ್ಬರ

ಮಳೆ ಹಿಂದೆ ಸರಿದು ಬಿಸಿಲು ಕಾಣಿಸಿಕೊಳ್ಳುತ್ತಿದ್ದಂತೆ ನಮ್ಮ ಸಂಘದ ಗೋದಾಮಿನ ಮುಂದೆ ಜೀಪು, ಪಿಕಪ್ಪುಗಳು ಸಾಲುಗಟ್ಟುವುದು ಪ್ರತಿವರ್ಷದ ನೋಟ. ಮಳೆಯ ನಂತರದ ಗೊಬ್ಬರ ಕೊಡುವ ಹೊತ್ತು ಅದು. ಬಂದ ಸದಸ್ಯರು ಕೇಳುವ ಮೊದಲ ಮಾತು “ಪೊಟ್ಯಾಷ್ ಬಂದಿದೆಯಾ?” ಎಂದು. ಎರಡನೆಯದು “ಎಷ್ಟಾಗಿದೆ?” ಎಂದು. ಎರಡಕ್ಕೂ ಸಮಾಧಾನದ ಉತ್ತರ ಕೊಡಲಾಗದ ವರ್ಷಗಳನ್ನು ನಾವು ಕಂಡಿದ್ದೇವೆ. 2021-22ರಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ 50 ಕಿಲೋ ಮೂಟೆ 1,700ಕ್ಕೆ ಏರಿದ್ದು ಯಾರಿಗೂ ಮರೆತಿರಲಾರದು. ಆ ಬೆಲೆ ಕೊಡುತ್ತೇವೆಂದರೂ ಕೇಳಿದಷ್ಟು ಸಿಗಲಿಲ್ಲ. ನಮ್ಮ ಬೇಸಾಯಕ್ಕೆ ಬೇಕಾದ ಪೊಟ್ಯಾಷ್ ಹೊರದೇಶಗಳಿಂದ ಹಡಗಿನಲ್ಲಿ ಬರಬೇಕು. ಎಲ್ಲೋ ಒಂದು ಕಡೆ ಯುದ್ಧ ನಡೆದರೆ, ಇನ್ನೆಲ್ಲೋ ಬಂದರು ಮುಚ್ಚಿದರೆ, ಬಣಕಲ್ಲಿನ ಐದೆಕರೆ ತೋಟದವನ ಲೆಕ್ಕ ತಪ್ಪುತ್ತದೆ.

ಹೀಗೆ ಸಾಲಿನಲ್ಲಿ ನಿಂತು ಪೊಟ್ಯಾಷ್ ಕೊಳ್ಳುವ ನಾವೇ ಪ್ರತಿವರ್ಷ ಪೊಟ್ಯಾಷನ್ನು ಮೂಟೆಗಟ್ಟಿ, ಕಾಸು ಪಡೆಯದೆ, ಬೇರೆಯವರಿಗೆ ಕೊಟ್ಟು ಕಳಿಸುತ್ತಿದ್ದೇವೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಲೆಕ್ಕ ಕಷ್ಟದ್ದೇನಲ್ಲ. ನಮ್ಮಲ್ಲಿ ಸಣ್ಣ ಬೆಳೆಗಾರರು ಹೆಚ್ಚಿನವರು ರೋಬಸ್ಟಾವನ್ನು ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ ಮಾರುತ್ತಾರೆ. ವ್ಯಾಪಾರಿ ಸ್ಯಾಂಪಲ್ ಕುಟ್ಟಿ ಓ.ಟಿ. ನೋಡುತ್ತಾನೆ. 50 ಕಿಲೋ ಮೂಟೆಗೆ 26 ಬಂತು, 27 ಬಂತು, ಪುಣ್ಯವಿದ್ದರೆ 28 ಬಂತು ಎನ್ನುತ್ತಾನೆ. ದುಡ್ಡು ಕೊಡುವುದು ಆ 26-28ಕ್ಕೆ. ಉಳಿದ 22 ರಿಂದ 24 ಕಿಲೋ ಎಲ್ಲಿ ಹೋಯಿತು? ಅದು ಹೊಟ್ಟು. ಅದಕ್ಕೆ ಬೆಲೆಯಿಲ್ಲ, ಮೂಟೆಯೊಂದಿಗೆ ಅದೂ ಹೋಗುತ್ತದೆ. ನೂರು ಮೂಟೆ ಚೆರ್ರಿ ಮಾರುವ ಸದಸ್ಯ ಎರಡು ಟನ್ನಿಗೂ ಮಿಕ್ಕಿ ಹೊಟ್ಟನ್ನು ತೋಟದಿಂದ ಹೊರಗೆ ಸಾಗಿಸಿದಂತಾಯಿತು. ಅಂಥ ನೂರು ಸದಸ್ಯರನ್ನು ಲೆಕ್ಕ ಹಿಡಿದರೆ ಇನ್ನೂರು ಟನ್ನು ದಾಟಿತು. ಕಾಫಿ ಗಿಡ ಹಣ್ಣಿಗಾಗಿ ಮಣ್ಣಿನಿಂದ ಎಳೆದುಕೊಳ್ಳುವ ಪೊಟ್ಯಾಷಿನಲ್ಲಿ ದೊಡ್ಡ ಪಾಲು ಬೇಳೆಯಲ್ಲಿಲ್ಲ, ಸಿಪ್ಪೆಯಲ್ಲಿದೆ. ನಾವು ಬೇಳೆಯ ಬೆಲೆ ಪಡೆದು ಸಿಪ್ಪೆಯನ್ನು ದಾನ ಮಾಡುತ್ತಿದ್ದೇವೆ. ಆ ಹೊಟ್ಟು ಹಲ್ಲಿಂಗ್ ಮಿಲ್ಲಿನ ಹಿಂದೆ ಗುಡ್ಡೆ ಬಿದ್ದು, ಕೆಲವು ಕಡೆ ಒಲೆಗೆ ಹೋಗಿ, ಕೆಲವು ಕಡೆ ಲಾರಿಯಲ್ಲಿ ಬಯಲುಸೀಮೆಯ ಹೊಲಗಳಿಗೆ ಹೋಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪುಡಿ ಮಾಡಿ, ಸಗಣಿ ಬೆರೆಸಿ, ಚಂದದ ಚೀಲದಲ್ಲಿ ‘ಸಾವಯವ’ ಎಂದು ಬರೆದುಕೊಂಡು ಮರಳಿ ನಮ್ಮೂರಿನ ಅಂಗಡಿಗೆ ಬಂದದ್ದನ್ನೂ ಕಂಡಿದ್ದೇವೆ. ಅದನ್ನು ಕೊಂಡವರಲ್ಲಿ ನಾವೂ ಒಬ್ಬರು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಈಗ ತರಬೇತಿ ಶಿಬಿರಗಳಲ್ಲಿ ‘ಸರ್ಕ್ಯುಲರ್ ಎಕಾನಮಿ’ ಎಂಬ ಮಾತು ಬಹಳ ಕೇಳಿಬರುತ್ತಿದೆ. ಕನ್ನಡದಲ್ಲಿ ‘ವರ್ತುಲ ಆರ್ಥಿಕತೆ’ ಎನ್ನುತ್ತಾರೆ. ತೆಗೆದದ್ದು ತಿರುಗಿ ಸೇರಬೇಕು, ಒಬ್ಬನ ಕಸ ಇನ್ನೊಬ್ಬನ ಕಚ್ಚಾ ಸಾಮಗ್ರಿಯಾಗಬೇಕು, ಅದರಿಂದ ಹೊಸ ಹೊಸ ಉದ್ಯಮಗಳು ಹುಟ್ಟಬೇಕು ಎಂಬುದು ಅದರ ಸಾರ. ನಾವು ಕಾಲೇಜಿನಲ್ಲಿ ಓದಿದ ಅರ್ಥಶಾಸ್ತ್ರದ ಪುಸ್ತಕದಲ್ಲಿ ಈ ಅಧ್ಯಾಯ ಇರಲಿಲ್ಲ. ಇದ್ದಿದ್ದರೆ ಕೊಟ್ಟಿಗೆಯಿಂದ ಬಂದ ನಮಗೆ ಸುಲಭವಾಗಿ ಅಂಕ ಸಿಗುತ್ತಿತ್ತು. ಅಂಥ ಒಂದು ಶಿಬಿರ ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಪಕ್ಕಕ್ಕೆ ಕರೆದು, “ಏನ್ರಿ ಕಾರ್ಯದರ್ಶಿಗಳೇ, ನಮ್ಮಪ್ಪ ಮಾಡ್ತಿದ್ದದ್ದಕ್ಕೆ ಈಗ ಇಂಗ್ಲಿಷ್ ಹೆಸರು ಬಂತಾ?” ಎಂದು ಕೇಳಿದರು. ಕೇಳಿದ್ದು ಸರಿಯೇ. ಆದರೆ ಅವರ ಮಾತನ್ನು ಪೂರ್ತಿ ಒಪ್ಪಲು ನಾವು ಸಿದ್ಧರಿಲ್ಲ. ಅಪ್ಪನ ಕಾಲದಲ್ಲಿ ಕೊಟ್ಟಿಗೆ ತುಂಬ ಮಲೆನಾಡು ಗಿಡ್ಡ ದನಗಳಿದ್ದವು, ಸೊಪ್ಪು ದರಗು ಹೊತ್ತು ತಂದು ಹಾಕುವ ಆಳುಗಳಿದ್ದರು, ಸೊಪ್ಪು ತರಲು ಕಾಡಿಗೆ ಹೋದರೆ ಕೇಳುವವರಿರಲಿಲ್ಲ. ಈಗ ಮೂರೂ ಇಲ್ಲ. ಲೈನ್ ಮನೆಗಳು ಖಾಲಿ ಬಿದ್ದಿವೆ. ಹಾಲಿಗೆ ಡೇರಿ ಪ್ಯಾಕೆಟ್ಟು ತರುವ ಪ್ಲಾಂಟರ್‌ಗಳೇ ಹೆಚ್ಚು. ‘ಹಿಂದಿನಂತೆ ಮಾಡಿ’ ಎಂದರೆ ಆಗದ ಮಾತು. ಹೊಸ ರೀತಿ ಕಂಡುಹಿಡಿಯಲೇಬೇಕು. ಆ ಹೊಸ ರೀತಿಗೆ ನಮ್ಮನ್ನು ನೂಕುವುದು ಯಾವುದು ಎಂಬುದೇ ನಿಜವಾದ ಪ್ರಶ್ನೆ. ಯಾವುದು ನೂಕುತ್ತದೋ ಅದಕ್ಕೆ ತಕ್ಕಂತೆ ಹೊಸತಿನ ರೂಪವೂ ಆಯುಷ್ಯವೂ ಇರುತ್ತದೆ ಎಂಬುದನ್ನು ಈ ಕೆಲವು ವರ್ಷಗಳಲ್ಲಿ ನಾವು ನೋಡಿ ಕಲಿತಿದ್ದೇವೆ.

ಮೊದಲು ಕಾಯಿದೆಯ ನೂಕನ್ನು ನೋಡೋಣ. ಹೇಮಾವತಿ ಹುಟ್ಟುವುದು ನಮ್ಮ ಜಾವಳಿಯ ಬಳಿ, ಬಲ್ಲಾಳರಾಯನ ದುರ್ಗದ ತಪ್ಪಲಲ್ಲಿ. ಅಲ್ಲಿಂದ ಗೊರೂರು ಅಣೆಕಟ್ಟೆಯವರೆಗೆ ಎಷ್ಟೋ ಊರಿನವರು ಆ ನೀರನ್ನು ಕುಡಿಯುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಹಳ್ಳದ ನೀರು ಇಳಿದು ಬಂದಾಗಲೇ ಅರೇಬಿಕಾ ಕುಯ್ಲು, ಪಲ್ಪಿಂಗ್ ಎಲ್ಲ ಒಟ್ಟಿಗೆ. ಹಿಂದೆ ಪಲ್ಪರ್ ಮನೆಯ ಕೊಳಕು ನೀರನ್ನು ಹಳ್ಳಕ್ಕೆ ಬಿಡುವುದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕಪ್ಪು ನೀರು, ನೊರೆ, ಮೂಗು ಮುಚ್ಚುವ ವಾಸನೆ, ತೇಲುವ ಮೀನು — ಇವನ್ನು ನಾವು ಬಾಲ್ಯದಲ್ಲಿ ನೋಡಿದ್ದೇವೆ. 1974ರ ಜಲ ಕಾಯಿದೆ ಬಂದು ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾದ ಮೇಲೆ, ನಿಧಾನವಾಗಿಯಾದರೂ, ನೋಟೀಸುಗಳು ಬರತೊಡಗಿದವು. ಹೊಳೆಗೆ ಬಿಡುವ ನೀರಿನಲ್ಲಿ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಪಲ್ಪರ್‌ನಿಂದ ಹೊರಟ ನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ.

ನೋಟೀಸಿನ ಫಲವಾಗಿ ಏನಾಯಿತು? ದೊಡ್ಡ ತೋಟದವರು ತೊಟ್ಟಿ ಕಟ್ಟಿದರು, ಸುಣ್ಣ ಹಾಕಿದರು, ನೀರನ್ನು ತಿರುಗಿಸಿ ಬಳಸುವ ವ್ಯವಸ್ಥೆ ಮಾಡಿಕೊಂಡರು. ಕೆಲವರು ಆ ನೀರಿನಿಂದ ಗ್ಯಾಸ್ ತೆಗೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ದಿಕ್ಕಿನಲ್ಲಿ ಮಾಡಿದ ಪ್ರಯೋಗಗಳು ಒಳ್ಳೆಯವು. ಇನ್ನು ಕೆಲವರ ತೊಟ್ಟಿಗಳನ್ನು ಅಧಿಕಾರಿ ಬರುವ ದಿನ ಮಾತ್ರ ತೊಳೆದಿಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಹೆದರಿಕೆಯಿಂದ ಕಟ್ಟಿದ ತೊಟ್ಟಿ ಹೆದರಿಕೆ ಇರುವಷ್ಟು ದಿನ ತುಂಬಿರುತ್ತದೆ.

ಸಣ್ಣ ಬೆಳೆಗಾರನ ಕಥೆ ಬೇರೆಯಾಯಿತು. ಮೂರೆಕರೆ ಅರೇಬಿಕಾದವನು ತೊಟ್ಟಿ ಕಟ್ಟಲಾರ, ಮಂಡಳಿಯ ಕಚೇರಿಗೆ ಅಲೆಯಲಾರ. ಅವನು ಪಲ್ಪರ್‌ಗೆ ಗೋಣಿ ಹೊದಿಸಿ ಚೆರ್ರಿ ಒಣಗಿಸಲು ಕುಳಿತ. ಆಳಿನ ಅಭಾವವೂ ಬೆಲೆಯ ಏರಿಳಿತವೂ ಅದಕ್ಕೆ ಕೂಡಿಕೊಂಡವು ಎಂಬುದು ನಿಜವಾದರೂ, ನೋಟೀಸಿನ ಭಯವೂ ಒಂದು ಕಾರಣ ಎಂದು ಅನೇಕ ಸದಸ್ಯರು ನಮ್ಮ ಬಳಿ ಹೇಳಿದ್ದಾರೆ. ಹಳ್ಳದ ನೀರು ತಿಳಿಯಾಯಿತು, ಸಂತೋಷ. ಆದರೆ ಪಲ್ಪ್ ಮಾಡುತ್ತಿದ್ದಾಗ ಆ ಸಿಪ್ಪೆ ನಮ್ಮ ಪಲ್ಪರ್ ಮನೆಯ ಹಿಂದೆಯೇ ಕೊಳೆತು, ಹೇಗೋ ನಮ್ಮ ತೋಟಕ್ಕೇ ಸೇರುತ್ತಿತ್ತು. ಹಣ್ಣಿನ ತೂಕದ ನೂರರಲ್ಲಿ 40 ಪಾಲು ಸಿಪ್ಪೆಯೇ ಅಲ್ಲವೇ? ಚೆರ್ರಿ ಮಾಡಿದಂದಿನಿಂದ ಅದು ಒಣಗಿ, ಹಗುರವಾಗಿ, ಮೂಟೆಯೊಳಗೆ ಕುಳಿತು ವ್ಯಾಪಾರಿಯ ಲಾರಿ ಹತ್ತಿತು. ಕಾಯಿದೆ ಹೊಳೆಯನ್ನು ಉಳಿಸಿತು, ಗೊಬ್ಬರವನ್ನು ಊರು ಬಿಡಿಸಿತು. ಇದಕ್ಕೆ ಕಾಯಿದೆಯನ್ನು ದೂರಿ ಫಲವಿಲ್ಲ. ಅದರ ಕೆಲಸ ಅದು ಮಾಡಿತು. ಉಳಿದರ್ಧ ಕೆಲಸ ಮಾಡಬೇಕಾದವರು ನಾವಾಗಿದ್ದೆವು.

ಕೊಲಂಬಿಯಾದಲ್ಲಿ ಇದೇ ಕಷ್ಟ ಬಂದಾಗ ಏನು ಮಾಡಿದರೆಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿಯೂ ಸಣ್ಣ ಬೆಳೆಗಾರರೇ ಬಹುಸಂಖ್ಯಾತರು, ಎಲ್ಲರೂ ಪಲ್ಪ್ ಮಾಡುವವರು. 1927ರಲ್ಲಿ ಸ್ಥಾಪನೆಯಾದ ಅವರ ಬೆಳೆಗಾರರ ಒಕ್ಕೂಟಕ್ಕೆ ತನ್ನದೇ ಆದ ಸಂಶೋಧನಾ ಕೇಂದ್ರವಿದೆ, ಹೆಸರು ಸೆನಿಕಫೆ. ಒಂದು ಕಿಲೋ ಪಾರ್ಚ್‌ಮೆಂಟಿಗೆ 40 ಲೀಟರಿನಷ್ಟು ನೀರು ಹೋಗುತ್ತಿದ್ದ ಕಡೆ, ಆ ಕೇಂದ್ರದವರು 1990ರ ದಶಕದಲ್ಲಿ ಒಂದು ಯಂತ್ರವನ್ನು ರೂಪಿಸಿ ಅದನ್ನು ಒಂದು ಲೀಟರಿನ ಆಸುಪಾಸಿಗೆ ಇಳಿಸಿದರು. ಯಂತ್ರಕ್ಕೆ ಬೆಕೊಲ್‌ಸಬ್ ಎಂದು ಹೆಸರು. ಸಿಪ್ಪೆಯನ್ನು ನೀರಿನಲ್ಲಿ ತೇಲಿಸದೆ ಒಣದಾಗಿಯೇ ಸಾಗಿಸಿ, ಲೋಳೆಯನ್ನು ಯಂತ್ರದಲ್ಲೇ ತಿಕ್ಕಿ ತೆಗೆದು, ಎರಡನ್ನೂ ಸೇರಿಸಿ ಗೊಬ್ಬರಕ್ಕೆ ಕಳಿಸುವುದು ಅದರ ಕ್ರಮ. ನಮ್ಮಲ್ಲಿ ಈಗ ಕೆಲವು ತೋಟಗಳಲ್ಲಿರುವ ಕಡಿಮೆ ನೀರಿನ ಪಲ್ಪರ್‌ಗಳೂ ಇದೇ ಜಾತಿಯವು. ಯಂತ್ರದ ವಿವರಕ್ಕಿಂತ, ಅದನ್ನು ಮಾಡಿದ್ದು ಬೆಳೆಗಾರರ ಸ್ವಂತ ಸಂಸ್ಥೆ ಎಂಬುದನ್ನು ಸದಸ್ಯರು ಗಮನಿಸಬೇಕೆಂದು ನಮ್ಮ ಆಸೆ. ನಮ್ಮಲ್ಲಿಯೂ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಬಣಕಲ್ಲಿನಿಂದ ಬಹಳ ದೂರವೂ ಇಲ್ಲ. ಅಲ್ಲಿಗೆ ನಾವು ಹೋಗುವುದು ಹೆಚ್ಚಾಗಿ ಬೀಜ ತರಲು, ಬೋರರ್ ಬಂದಾಗ ಗೋಳು ಹೇಳಿಕೊಳ್ಳಲು.

ಎರಡನೆಯದು ಗಿರಾಕಿಯ ನೂಕು. ಇದರಲ್ಲಿ ನಮ್ಮ ಸಂಘವೇ ಕೈಸುಟ್ಟುಕೊಂಡಿದೆಯಾದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ.

ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಎಕರೆಗೆ ಐನೂರು ಮರ ಹಿಡಿದರೂ ಎರಡೂವರೆ, ಮೂರು ಸಾವಿರ ಹಾಳೆ. ಹಿಂದೆ ಕೊಳೆರೋಗಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದುದೂ, ಮಳೆಗೆ ತಲೆಗೆ ಟೋಪಿ ಮಾಡುತ್ತಿದ್ದುದೂ, ದನಕ್ಕೆ ಸಿಗಿದು ಹಾಕುತ್ತಿದ್ದುದೂ ಈ ಹಾಳೆಯನ್ನೇ. ಬೋರ್ಡೋ ದ್ರಾವಣ ಬಂದು ಕೊಟ್ಟೆ ಹೋಯಿತು, ಪ್ಲಾಸ್ಟಿಕ್ ಬಂದು ಟೋಪಿ ಹೋಯಿತು. ಆಮೇಲೆ ಹಾಳೆ ತಟ್ಟೆ ಬಂತು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿತು, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶಕ್ಕೆಲ್ಲ ಅಂಥದೇ ನಿಷೇಧ ತಂದಿತು. ಹೊರದೇಶಗಳಿಂದಲೂ ಬೇಡಿಕೆ. ಕೆಲಸವಿಲ್ಲದ ಹುಡುಗರು, ಮಹಿಳಾ ಸಂಘದವರು, ಎಷ್ಟೋ ಮಂದಿ ಸಾಲ ಮಾಡಿ ಯಂತ್ರ ಹಾಕಿದರು. ನಮ್ಮ ಸಂಘವೂ ಹಾಕಿತು.

ನಮ್ಮದು ನಿಂತದ್ದು ಯಂತ್ರದ ದೋಷದಿಂದಲ್ಲ. ಹಾಳೆಯನ್ನು ಬಿದ್ದ ಕೂಡಲೇ ಹೆಕ್ಕಿ ಒಣಗಿಸಿಡಬೇಕು; ಒಂದು ಮಳೆ ತಾಗಿದರೆ ಬೂಷ್ಟು, ಕಪ್ಪು ಕಲೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗಿಸುವುದೆಂದರೇನು? ಹೆಕ್ಕುವವರೂ ಸಿಗಲಿಲ್ಲ. ಆಳಿನ ದಿನಗೂಲಿಯಲ್ಲಿ ಕಾಫಿ ಕುಯ್ಯಿಸುವುದೋ ಹಾಳೆ ಹೆಕ್ಕಿಸುವುದೋ ಎಂದಾಗ ಯಾರಾದರೂ ಕಾಫಿ ಎಂದೇ ಹೇಳಿಯಾರು. ಕರೆಂಟಿನ ಮಾತು ಬೇಡ. ಇದನ್ನೆಲ್ಲ ಮೊದಲೇ ಯೋಚಿಸದೆ ಸಬ್ಸಿಡಿ ಇದೆಯೆಂದು ಹಿಂದೆ ಬಿದ್ದದ್ದು ಆಡಳಿತ ಮಂಡಳಿಯ ತಪ್ಪು. ಅದರಲ್ಲಿ ನಮ್ಮ ಸಹಿಯೂ ಇದೆ. ಬಯಲಿಗೆ ಹತ್ತಿರವಿರುವ, ಮಳೆ ಕಡಿಮೆಯಿರುವ ಕಡೆ ಇದೇ ಉದ್ಯಮವನ್ನು ಚೆನ್ನಾಗಿ ನಡೆಸಿದವರಿದ್ದಾರೆ.

ಚೆನ್ನಾಗಿ ನಡೆಸಿದವರಿಗೂ 2025ರಲ್ಲಿ ಪೆಟ್ಟು ಬಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಆ ವರ್ಷದ ಮೇ ತಿಂಗಳಲ್ಲಿ, ಅಡಿಕೆ ಹಾಳೆಯಲ್ಲಿರುವ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಹೇಳಿ, ಇಂಥ ತಟ್ಟೆಗಳನ್ನು ಆಹಾರಕ್ಕೆ ಬಳಸಬಾರದೆಂದು ಎಚ್ಚರಿಕೆ ಕೊಟ್ಟಿತು. ನಮ್ಮವರು ಸಿಟ್ಟಾದರು. ತಲತಲಾಂತರದಿಂದ ಹಾಳೆಯಲ್ಲಿ ಉಂಡಿದ್ದೇವಲ್ಲ ಎಂದರು. ಸಿಟ್ಟಿನಿಂದ ಉತ್ತರವಾಗುವುದಿಲ್ಲ, ನಮ್ಮ ದೇಶದ ಪ್ರಯೋಗಾಲಯಗಳೇ ಸರಿಯಾಗಿ ಪರೀಕ್ಷಿಸಿ ಹೇಳಬೇಕಾದ ಮಾತು ಅದು. ಆದರೆ ಒಂದೇ ದೂರದ ಗಿರಾಕಿಯನ್ನು ನಂಬಿ ಕಟ್ಟಿದ ಉದ್ಯಮ, ಆ ಗಿರಾಕಿ ಮುಖ ತಿರುಗಿಸಿದ ದಿನ ಏನಾಗುತ್ತದೆಂಬುದು ಎಲ್ಲರಿಗೂ ಕಂಡಿತು. ಕಾಫಿ ಸಿಪ್ಪೆಯ ಕಷಾಯವೆಂದು ಈಗ ಹೇಳುತ್ತಿರುವ ‘ಕಾಸ್ಕಾರ’ದ ವಿಷಯದಲ್ಲಿಯೂ ನಾವು ಇದನ್ನೇ ಹೇಳುತ್ತೇವೆ. ಬಾಬಾಬುಡನ್‌ರು ಯೆಮನ್ ದೇಶದಿಂದ ಏಳು ಬೀಜ ತಂದರೆಂದು ಪ್ರತೀತಿ. ಆ ಯೆಮನಿನವರು ಸಿಪ್ಪೆಯನ್ನೇ ಕುದಿಸಿ ಶುಂಠಿ ಹಾಕಿ ಕುಡಿಯುತ್ತಾರೆ. ನಮಗೆ ಬೀಜ ಬಂತು, ಸಿಪ್ಪೆಯ ವಿದ್ಯೆ ಬರಲಿಲ್ಲ. 2022ರಲ್ಲಿ ಯೂರೋಪಿನ ಒಕ್ಕೂಟವೂ ಇದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟ ಮೇಲೆ ವಿಚಾರಿಸುವವರು ಹೆಚ್ಚಿದ್ದಾರೆ. ಸಿಪ್ಪೆಯನ್ನೇ ಜನ ಕುಡಿಯುವುದಾದರೆ ಅದರ ಮೇಲೆ ನಾವು ಏನು ಸಿಂಪಡಿಸಿದ್ದೇವೆ, ಕಣದಲ್ಲಿ ಹೇಗೆ ಒಣಗಿಸಿದ್ದೇವೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕೊಡಬಲ್ಲ ನಾಲ್ಕಾರು ತೋಟದವರು ಮಾಡಲಿ. ಸಂಘ ಅದಕ್ಕೆ ಕೈಹಾಕುವುದು ಬೇಡ.

ಹತ್ತಿರದ ಗಿರಾಕಿಯನ್ನು ಕಂಡುಕೊಂಡವರ ಉದಾಹರಣೆಯೂ ಇದೆ. ಕೆಂಪಡಿಕೆ ಬೇಯಿಸುವ ಕಳಸ, ಕೊಪ್ಪ, ಶೃಂಗೇರಿಯ ಸದಸ್ಯರಿಗೆ ಚೊಗರಿನ ಬಗ್ಗೆ ಹೇಳಬೇಕಾಗಿಲ್ಲ. ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘವಿದೆ; ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ್ದು. ಅವರು ಕೈಮಗ್ಗದ ನೂಲಿಗೆ ಈ ಚೊಗರಿನಿಂದಲೇ ಬಣ್ಣ ಕಟ್ಟುತ್ತಾರೆ. ಅಡಿಕೆ ಬೇಯುವ ಊರಿನಲ್ಲೇ ಬಣ್ಣ, ಬಣ್ಣದ ಊರಿನಲ್ಲೇ ಮಗ್ಗ. ಕಷ್ಟನಷ್ಟಗಳು ಅವರಿಗೂ ಬಂದಿವೆ. ಆದರೂ ಆ ಕೆಲಸ ನಿಂತದ್ದು ಊರಿನ ಹೆಣ್ಣುಮಕ್ಕಳ ಕೈಮೇಲೆ.

ಇನ್ನು ಮೂರನೆಯದು ಹೊಟ್ಟೆಯ ನೂಕು, ಅಂದರೆ ಗೊಬ್ಬರದ ಬೆಲೆ. ನಮ್ಮ ಅನುಭವದಲ್ಲಿ ಬಾಳುವ ಹೊಸತನ್ನು ಹುಟ್ಟಿಸಿದ್ದು ಇದು. 2021-22ರ ಪೊಟ್ಯಾಷ್ ಬರಗಾಲದ ನಂತರ ನಮ್ಮ ಸದಸ್ಯರಲ್ಲಿ ಹತ್ತಾರು ಮಂದಿ ಯಾರೂ ಹೇಳದೆ, ಯಾವ ಸಬ್ಸಿಡಿಯೂ ಇಲ್ಲದೆ, ಏನೇನೋ ಮಾಡಿ ನೋಡಿದರು. ಕೆಲವು ಕೆಟ್ಟವು. ಸಿಪ್ಪೆಯನ್ನು ಹಸಿಯಾಗಿಯೇ ಬುಡಕ್ಕೆ ಸುರಿದವರ ಗಿಡ ಹಳದಿಯಾಯಿತು. ಬಯಲಲ್ಲಿ ಗುಡ್ಡೆ ಹಾಕಿ ಬಿಟ್ಟವರಿಗೆ ಮಳೆಗಾಲ ಕಳೆದು ನೋಡಿದರೆ ನಾರು ಮಾತ್ರ ಉಳಿದಿತ್ತು. ಪೊಟ್ಯಾಷ್ ನೀರಿನಲ್ಲಿ ಕರಗುವ ಪದಾರ್ಥ. ಕೊಟ್ಟಿಗೆಹಾರದ ಕಡೆಯ ನೂರು ಇಂಚು ದಾಟುವ ಮಳೆಯಲ್ಲಿ ಅದು ಚರಂಡಿಯ ಪಾಲು. ಮಾಡು ಹಾಕಿ, ಕೆಳಗೆ ಗಟ್ಟಿ ನೆಲ ಮಾಡಿ, ಸಗಣಿ ಬಗ್ಗಡ, ದರಗು, ಹಸಿರು ಸೊಪ್ಪು ಬೆರೆಸಿ, ತಿಂಗಳಿಗೊಮ್ಮೆ ಮಗುಚಿದವರಿಗೆ ಮಾತ್ರ ಗೊಬ್ಬರ ಸಿಕ್ಕಿತು. ಖಾಲಿ ಲೈನ್ ಮನೆಯ ಗೋಡೆ ಒಡೆದು ಅದನ್ನೇ ಗೊಬ್ಬರದ ಮನೆ ಮಾಡಿಕೊಂಡ ಸದಸ್ಯರೊಬ್ಬರಿದ್ದಾರೆ. ಅದಕ್ಕೆ ತಗಡಿನ ಖರ್ಚೂ ಬರಲಿಲ್ಲ. ಕಳೆ ಕತ್ತರಿಸುವ ಯಂತ್ರದ ಮೋಟಾರು ಬಿಚ್ಚಿ ಅಡಿಕೆ ಸಿಪ್ಪೆ ಪುಡಿಮಾಡುವ ಸಾಧನ ಮಾಡಿಕೊಂಡವರೂ ಇದ್ದಾರೆ. ಹಸಿ ಅಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಸಿಪ್ಪೆಯದೇ. ಅದು ಕೊಳೆಯುವುದು ನಿಧಾನವೆಂದು ರಸ್ತೆ ಬದಿಗೆ ಸುರಿದು ಬೆಂಕಿ ಕೊಡುವುದು ಇನ್ನೂ ನಿಂತಿಲ್ಲ.

ಎಲ್ಲವನ್ನೂ ತಿರುಗಿಸಿ ತೋಟಕ್ಕೇ ಹಾಕಬೇಕೆಂಬ ಹಠವೂ ಸಲ್ಲದು. ಬೆಂಕಿಗೆ ಹೋಗಬೇಕಾದದ್ದು ಬೆಂಕಿಗೇ ಹೋಗಬೇಕು. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡವನ್ನು ಸೌದೆಯಾಗಲೆಂದು ತೋಟದಲ್ಲಿಟ್ಟುಕೊಂಡವನು ಹುಳು ಸಾಕಿದಂತೆ. ಕಳಸದ ಕಡೆ ಅಡಿಕೆಗೆ ಬಂದಿರುವ ಎಲೆಚುಕ್ಕೆ ರೋಗದಲ್ಲೂ ಹೆಚ್ಚು ರೋಗ ತಗುಲಿದ ಸೋಗೆಯನ್ನು ಕಡಿದು ಸುಡಬೇಕೆಂದೇ ತಜ್ಞರ ಸಲಹೆ. ಶಿಬಿರದಲ್ಲಿ ಚಿತ್ರ ಬರೆದು ತೋರಿಸುವ ದುಂಡನೆಯ ಚಕ್ರದಲ್ಲಿ ಈ ಬೆಂಕಿಗೆ ಜಾಗವಿರುವುದಿಲ್ಲ. ತೋಟದಲ್ಲಿ ಇದೆ.

ಈಗ ಹೊಟ್ಟಿನ ಪ್ರಶ್ನೆಗೆ ಮರಳೋಣ. ಗೊಬ್ಬರದ ಮನೆ ಕಟ್ಟಿಕೊಂಡ ಸದಸ್ಯರೂ ಹೊಟ್ಟಿಗಾಗಿ ಮಿಲ್ಲಿನವರ ಬಳಿ ಹೋಗಿ ದುಡ್ಡು ಕೊಟ್ಟು ತರುತ್ತಿದ್ದಾರೆ, ಅಂದರೆ ತಮ್ಮದನ್ನೇ ಕೊಳ್ಳುತ್ತಿದ್ದಾರೆ. ಒಬ್ಬ ಬೆಳೆಗಾರನಿಂದ ಬಿಡಿಸಲಾಗದ ಗಂಟು ಇದು. ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಹೊಟ್ಟು ಯಾರದು ಎಂದು ಕೇಳುವ ಸಂದರ್ಭವೇ ಇರಲಿಲ್ಲ. 1990ರ ದಶಕದಲ್ಲಿ ಮುಕ್ತ ಮಾರಾಟ ಬಂತು. ಬಂದ ಸ್ವಾತಂತ್ರ್ಯವನ್ನು ನಾವು ಕಣದಲ್ಲೇ ಮೂಟೆ ಕಟ್ಟಿ ಮಾರಲು ಬಳಸಿಕೊಂಡೆವು. ವ್ಯಾಪಾರಿ ಮನೆಬಾಗಿಲಿಗೆ ಬರುತ್ತಾನೆ, ಮುಂಗಡ ಕೊಡುತ್ತಾನೆ, ಮಗಳ ಮದುವೆಗೆ ಕೇಳಿದರೂ ಇಲ್ಲವೆನ್ನುವುದಿಲ್ಲ. ಅವನನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅವನು ಮಾಡುತ್ತಿರುವ ಕೆಲಸವನ್ನು ಸಂಘ ಮಾಡದಿದ್ದುದು ನಮ್ಮ ಲೋಪ.

ಆದ್ದರಿಂದ ಈ ಸಲದ ಮಹಾಸಭೆಯ ಮುಂದೆ ಒಂದು ಪ್ರಸ್ತಾಪ ಇಡುತ್ತಿದ್ದೇವೆ. ಸಂಘದ ಗೋದಾಮಿನ ಹಿಂದಿನ ಜಾಗದಲ್ಲಿ ಒಂದು ಸಾಧಾರಣ ಗಾತ್ರದ ಹಲ್ಲರ್ ಹಾಕುವುದು. ಸದಸ್ಯ ತನ್ನ ಚೆರ್ರಿ ತರುತ್ತಾನೆ, ಕುಟ್ಟಿಸುತ್ತಾನೆ, ಬೇಳೆಯನ್ನು ತೂಕ ಮಾಡಿ ತನಗೆ ಬೇಕಾದವರಿಗೆ ಮಾರುತ್ತಾನೆ, ಅದೇ ಪಿಕಪ್ಪಿನಲ್ಲಿ ಹೊಟ್ಟನ್ನು ಮನೆಗೆ ಒಯ್ಯುತ್ತಾನೆ. ಹೊಟ್ಟು ಹಗುರ, ಜಾಗ ಹೆಚ್ಚು ಬೇಡುತ್ತದೆ, ಸಾಗಣೆ ಖರ್ಚು ದುಬಾರಿ ಎಂಬ ಆಕ್ಷೇಪವಿದೆ. ಹೇಗೂ ಖಾಲಿ ಹೋಗುವ ಗಾಡಿಯಲ್ಲವೇ? ಒಯ್ಯಲಾಗದವರ ಹೊಟ್ಟನ್ನು ಸಂಘ ತೂಕಕ್ಕೆ ಕೊಂಡು, ಮಾಡಿನ ಕೆಳಗೆ ಗೊಬ್ಬರ ಮಾಡಿ, ಬೇಕಾದ ಸದಸ್ಯರಿಗೆ ಕೊಡಬಹುದು.

ವಿರೋಧದ ಮಾತುಗಳನ್ನು ನಾವು ಕೇಳದೆ 이ಲ್ಲ. ಓ.ಟಿ. ಜಗಳ ಸಂಘದ ಬಾಗಿಲಿಗೆ ಬರುತ್ತದೆ ಎನ್ನುವವರಿದ್ದಾರೆ. ಬರಲಿ. ಕಣ್ಣೆದುರಿನಲ್ಲಿ ಪೂರ್ತಿ ಮೂಟೆ ಕುಟ್ಟಿ ತೂಗಿದ ಮೇಲೆ, ಒಂದು ಹಿಡಿ ಸ್ಯಾಂಪಲ್ ಮೇಲೆ ನಡೆಯುವ ಜಗಳಕ್ಕಿಂತ ಅದು ಕಡಿಮೆಯೇ ಇರುತ್ತದೆ. ಹಾಳೆ ತಟ್ಟೆಯ ಯಂತ್ರದಂತೆ ಇದೂ ತುಕ್ಕು ಹಿಡಿಯುತ್ತದೆ ಎನ್ನುವವರಿಗೆ ನಾವು ಗಟ್ಟಿಯಾಗಿ ಉತ್ತರಿಸಲಾರೆವು. ಆ ಭಯ ನಮಗೂ ಇದೆ. ಆದರೆ ಆಗ ನಾವು ಕಾಣದ ಊರಿನ ಗಿರಾಕಿಗಾಗಿ ಯಂತ್ರ ಹಾಕಿದೆವು. ಈಗ ಪೊಟ್ಯಾಷಿಗೆ ಸಾಲು ನಿಂತಿರುವ ಸದಸ್ಯನೇ ಗಿರಾಕಿ. ಮುಂಗಡದ ಮಾತು ಮಾತ್ರ ಕಠಿಣ. ವ್ಯಾಪಾರಿಯ ಋಣದಲ್ಲಿರುವ ಸದಸ್ಯ ಚೆರ್ರಿಯನ್ನು ಸಂಘಕ್ಕೆ ತರಲಾರ. ಬೆಳೆಯ ಮೇಲೆ ಸಂಘವೇ ಮುಂಗಡ ಕೊಡದ ಹೊರತು ಹಲ್ಲರ್ ತಿರುಗುವುದು ಸ್ಥಿತಿವಂತರಿಗಾಗಿ ಮಾತ್ರ ಎಂದಾಗುತ್ತದೆ. ಮುಂಗಡಕ್ಕೆ ಬಂಡವಾಳ ಬೇಕು. ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ 2024-25ರಲ್ಲಿ ಸದಸ್ಯರು ಕೈಯಲ್ಲಿ ನಾಲ್ಕು ಕಾಸು ಕಂಡರು. ಅದರಲ್ಲಿ ಒಂದು ಪಾಲು ಠೇವಣಿಯಾಗಿ ಸಂಘಕ್ಕೆ ಬಂದರೆ ಸಾಧ್ಯವಿದೆ. ಬರದಿದ್ದರೆ ಪ್ರಸ್ತಾಪವನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಪ್ರಾಮಾಣಿಕತೆ ಎಂದು ನಮ್ಮ ಅಭಿಪ್ರಾಯ.

ಹೊಟ್ಟಿನಿಂದ ಪೊಟ್ಯಾಷ್ ಮೂಟೆಯೇ ಬೇಡವಾಗುತ್ತದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಐದೆಕರೆಗೆ ಒಂದೆರಡು ಮೂಟೆ ಉಳಿದರೂ ಉಳಿದಂತೆ. 2019ರ ಆಗಸ್ಟಿನ ಮಳೆಯಲ್ಲಿ ಮೇಲ್ಮಣ್ಣು ಕಳೆದುಕೊಂಡ ತೋಟಗಳಿಗೆ ಆ ಕಪ್ಪು ಗೊಬ್ಬರ ಪೊಟ್ಯಾಷಿಗಿಂತ ಹೆಚ್ಚಿನದೇ ಕೊಡುತ್ತದೆ.

ಬೆಳೆಗಾರರಿಂದ ಇದು ಆಗದ ಕೆಲಸ ಎನ್ನುವವರು ಘಟ್ಟದ ಕೆಳಗೆ ನೋಡಲಿ. ಅಡಿಕೆ ಬೆಲೆ ನೆಲಕಚ್ಚಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದೇ ಸಂಘ ಕೋಕೋ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅವರಿಗೂ ಮೊದಲು ಇದ್ದದ್ದು ಕೊಳ್ಳುವವರಿಲ್ಲದ ಕಾಯಿ ಮತ್ತು ಸಾಲ. ನಾವು ಕೇಳುತ್ತಿರುವುದು ಕಾರ್ಖಾನೆಯನ್ನಲ್ಲ, ಒಂದು ಹಲ್ಲರ್ ಮತ್ತು ಒಂದು ತಗಡಿನ ಮಾಡು.

ಖರ್ಚಿನ ಅಂದಾಜನ್ನು, ಕರೆಂಟು, ಆಳು, ರಿಪೇರಿ ಎಲ್ಲ ಸೇರಿಸಿ, ಮಹಾಸಭೆಯಲ್ಲಿ ಓದುತ್ತೇವೆ. ಸದಸ್ಯರು ಬರುವಾಗ ಕಳೆದ ಸಾಲಿನ ಚೆರ್ರಿ ಮಾರಾಟದ ಚೀಟಿ ಹಿಡಿದುಕೊಂಡು ಬರಬೇಕಾಗಿ ವಿನಂತಿ. ಅದರಲ್ಲಿ ಬರೆದಿರುವ ಓ.ಟಿ.ಯನ್ನು 50ರಲ್ಲಿ ಕಳೆದು ಮೂಟೆಗಳ ಸಂಖ್ಯೆಯಿಂದ ಗುಣಿಸಿ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ. ಕಣದಲ್ಲೇ ಬಾಯಿಮಾತಿನಲ್ಲಿ ಮಾರಿದವರು ಮೂಟೆಯ ಲೆಕ್ಕವನ್ನಾದರೂ ತನ್ನಿ. ಎಲ್ಲರದನ್ನೂ ಸಭೆಯಲ್ಲೇ ಕೂಡಿ ಹಲಗೆಯ ಮೇಲೆ ಬರೆಯೋಣ.